ಭಾಸ್ಕರಾಚಾರ್ಯರು

ವಿದ್ಯಾರ್ಥಿನಿಯರನ್ನು ಹೊಸಪೇಟೆಯಿಂದ ಹಂಪೆಗೆ ಕರೆದೊಯ್ದಾಗಲೆಲ್ಲ, ವಿರೂಪಾಕ್ಷ ದೇವಾಲಯದ ಮುಂದಣ ಹಳೆಯ ಪೇಟೆಬೀದಿಯಲ್ಲಿ ನಿಂತು ನಾವು ಅವರಿಗೊಂದು ಲೆಕ್ಕವನ್ನು ಕೊಡುವುದುಂಟು. ವರಹದ ಅರ್ಧ ಪ್ರತಾಪ, ಪ್ರತಾಪದ ಹತ್ತನೆಯ ಒಂದು ಭಾಗ ಹಣ ಎಂದು 1443ರಲ್ಲಿ ವಿಜಯನಗರಕ್ಕೆ ಬಂದ ರಾಯಭಾರಿ ಅಬ್ದುರ್ ರಜಾಕನು ಬರೆದಿಟ್ಟಿರುವನು. ವರಹಕ್ಕೆ ಎಷ್ಟು ಹಣವೆಂದರೆ ಇಪ್ಪತ್ತೆಂದು ಎಲ್ಲರೂ ಹೇಳುವರು. ಆದರೆ ಒಂದು ಚೀಲದಲ್ಲಿ ಪ್ರತಾಪಗಳೂ ಹಣಗಳೂ ಸೇರಿ 15 ನಾಣ್ಯಗಳಿದ್ದು ಅವುಗಳ ಬೆಲೆ 3 ವರಹವಾದರೆ, ಪ್ರತಾಪಗಳೆಷ್ಟೆಂದು ಕೇಳಿದೊಡನೆ ಸಂಡೂರಿನವರೂ ಕಂಪ್ಲಿಯವರೂ ಒಂದೇ ತೆರನಾಗಿ ತಲೆ ತಗ್ಗಿಸುವರು. ಈ ಅಂಜಿಕೆಯನ್ನು ನೀಗಿಸಬಲ್ಲ ಮಹನೀಯರೊಬ್ಬರ ಚರಿತ್ರೆಯನ್ನು ಇಲ್ಲಿ ಹೇಳುವೆವು.

ಭಾಸ್ಕರಾಚಾರ್ಯರು 1114ರಲ್ಲಿ, ವಿಜಯನಗರದ ಸ್ಥಾಪನೆಗೆ ಇನ್ನೂರು ವರ್ಷಗಳಿಗೂ ಮೊದಲು, ಜನಿಸಿದರು. ಸಹ್ಯಾದ್ರಿಯ ಬಳಿಯ ವಿಜ್ಜಡವಿಡವು ಅವರ ಊರು. ತಂದೆ ಮಹೇಶ್ವರರೇ ಅವರಿಗೆ ಗುರುಗಳು. ಮೂವತ್ತಾರನೆಯ ವಯಸ್ಸಿನಲ್ಲಿ, 1150ರಲ್ಲಿ, ಅವರು ಸಿದ್ಧಾಂತಶಿರೋಮಣಿಯನ್ನು ರಚಿಸಿದರು. ಲೀಲಾವತಿ, ಬೀಜಗಣಿತ, ಗ್ರಹಗಣಿತ, ಗೋಲಾಧ್ಯಾಯ ಎಂಬಿವು ಅದರ ನಾಲ್ಕು ಭಾಗಗಳು.

ಲೀಲಾವತಿಯ ಆರಂಭದಲ್ಲಿಯೇ ನಾಣ್ಯಗಳ ಕೋಷ್ಟಕವಿದೆ: 20 ಕವಡೆಗೆ ಕಾಕಿಣಿ, 4 ಕಾಕಿಣಿಗೆ ಪಣ, 16 ಪಣಕ್ಕೆ ದ್ರಮ್ಮ, 16 ದ್ರಮ್ಮಕ್ಕೆ ನಿಷ್ಕ. 1957ರವರೆಗೆ ನಮ್ಮ ರೂಪಾಯಿಗೂ ಹದಿನಾರೇ ಆಣೆಗಳಿದ್ದವೆಂಬುದನ್ನು ಇಲ್ಲಿ ನೆನೆಯಬಹುದು.

ಬೀಜಗಣಿತದಲ್ಲಿ ಅವರು ತಿಳಿಯದ ರಾಶಿಗೆ ಯಾವತ್ತಾವತ್ ಎಂಬ ಹೆಸರನ್ನಿಟ್ಟು, 'ಯಾ' ಎಂಬ ಒಂದೇ ಅಕ್ಷರದಿಂದ ಬರೆಯುವರು. ಒಬ್ಬನಲ್ಲಿ 300 ನಾಣ್ಯಗಳೂ 6 ಕುದುರೆಗಳೂ ಇವೆ. ಮತ್ತೊಬ್ಬನಲ್ಲಿ 10 ಕುದುರೆಗಳಿದ್ದರೂ 100 ನಾಣ್ಯಗಳ ಸಾಲವಿದೆ. ಇಬ್ಬರ ಐಶ್ವರ್ಯವೂ ಸಮವಾದರೆ ಕುದುರೆಯ ಬೆಲೆಯೇನು? ಹೆಚ್ಚಿನ 4 ಕುದುರೆಗಳು 400 ನಾಣ್ಯಗಳಿಗೆ ಸಮವಾಗುವುದರಿಂದ ಒಂದರ ಬೆಲೆ 100. ಸಾಲವೂ ಇಲ್ಲಿ ಒಂದು ಸಂಖ್ಯೆಯೇ. ಅಂಕಿಯ ಮೇಲೆ ಚುಕ್ಕೆಯನ್ನಿಟ್ಟು ಅದನ್ನು ಗುರುತಿಸುತ್ತಿದ್ದರು.

ಲೀಲಾವತಿಯು ಅವರ ಮಗಳೆಂದೂ, ಗಳಿಗೆಬಟ್ಟಲಿನಲ್ಲಿ ಮುತ್ತೊಂದು ಬಿದ್ದು ಮುಹೂರ್ತವು ತಪ್ಪಿ ಮದುವೆಯು ನಿಂತುಹೋದುದರಿಂದ ಆಕೆಯ ಸಮಾಧಾನಕ್ಕಾಗಿ ಗ್ರಂಥವನ್ನು ರಚಿಸಿದರೆಂದೂ ಒಂದು ಕಥೆಯುಂಟು. 1587ರ ಫೈಜಿಯ ಪಾರಸಿ ಅನುವಾದದ ಮೂಲಕ ಹರಡಿದ ಈ ಕಥೆಯನ್ನು ನಾವು ಚರಿತ್ರೆಯೆಂದು ಕಲಿಸುವುದಿಲ್ಲ. ಗಣಿತವು ಮದುವೆ ತಪ್ಪಿದವಳಿಗೆ ಮಾತ್ರ ಕೊಡುವ ಸಮಾಧಾನವಲ್ಲ. ಕೂಲಿಯನ್ನೂ ಬಡ್ಡಿಯನ್ನೂ ತಾನೇ ಎಣಿಸಬಲ್ಲ ಹೆಣ್ಣು ಸುಲಭವಾಗಿ ಮೋಸಹೋಗಳು.

ಆಚಾರ್ಯರು ಅರವತ್ತೊಂಬತ್ತನೆಯ ವಯಸ್ಸಿನಲ್ಲಿಯೂ, 1183ರಲ್ಲಿ, ಕರಣಕುತೂಹಲವೆಂಬ ಗ್ರಂಥವನ್ನು ಬರೆದರು. ಅವರ ಕೃತಿಗಳ ಅಧ್ಯಯನಕ್ಕಾಗಿ ಮೊಮ್ಮಗ ಚಾಂಗದೇವನು ಮಠವೊಂದನ್ನು ಸ್ಥಾಪಿಸಿದನು.

ಇನ್ನು ನಮ್ಮ ಚೀಲವನ್ನು ಬಿಚ್ಚೋಣ. ಪ್ರತಾಪಗಳು 'ಯಾ' ಆಗಿರಲಿ. ಉಳಿದ ಹಣಗಳು 15ರಲ್ಲಿ 'ಯಾ' ಕಳೆದಷ್ಟು. ಪ್ರತಾಪಕ್ಕೆ 10 ಹಣದಂತೆ ಎಲ್ಲವೂ ಸೇರಿ 60 ಹಣ. ಆದುದರಿಂದ 9 'ಯಾ' 45ಕ್ಕೆ ಸಮ. ಪ್ರತಾಪಗಳು 5, ಹಣಗಳು 10. ತಿಳಿಯದುದಕ್ಕೆ ಹೆದರದೆ ಮೊದಲು ಅದಕ್ಕೊಂದು ಹೆಸರಿಡಬೇಕೆಂಬ ಈ ಪಾಠವನ್ನು ನಮ್ಮ ಬಾಲಿಕೆಯರು ಮರೆಯದಿರಲೆಂದು ಹಾರೈಸುವೆವು.