ಒಡೆಯರಿಂದ ರಾಜ್ಯಪಾಲರವರೆಗೆ

ನಮ್ಮ ಹೆಬ್ಬೂರು ಸೀಮೆಯ ಹಿರಿಯರು 1950ರ ಜನವರಿ 25ರ ರಾತ್ರಿ ಮೈಸೂರು ಅರಸರ ನಾಡಿನಲ್ಲಿ ಮಲಗಿ, ಮರುದಿನ ಭಾರತ ಗಣರಾಜ್ಯದಲ್ಲಿ ಕಣ್ತೆರೆದರು. ಅವರ ಅರಸರಾದ ಶ್ರೀ ಜಯಚಾಮರಾಜ ಒಡೆಯರೂ ಅದೇ ರಾತ್ರಿ ಆ ಗಡಿಯನ್ನು ದಾಟಿದರೆಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ.

1919ರ ಜುಲೈ 18ರಂದು ಜನಿಸಿದ ಇವರು, ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರ ನಿಧನಾನಂತರ 1940ರಲ್ಲಿ ಪಟ್ಟವೇರಿದರು. 1947ರ ಆಗಸ್ಟಿನಲ್ಲಿ ಭಾರತದೊಡನೆ ಸೇರುವ ಪತ್ರಕ್ಕೆ ಸಹಿ ಹಾಕಿದರೂ ಜವಾಬ್ದಾರಿ ಸರ್ಕಾರ ಒಡನೆಯೇ ದೊರೆಯಲಿಲ್ಲ. ಅದಕ್ಕಾಗಿ ‘ಮೈಸೂರು ಚಲೋ’ ಚಳವಳಿ ನಡೆಯಬೇಕಾಯಿತು; ಮೈಸೂರಿನಲ್ಲಿ ರಾಮಸ್ವಾಮಿಯೆಂಬ ವಿದ್ಯಾರ್ಥಿ ಗುಂಡಿಗೆ ಬಲಿಯಾದನು. ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಬಂದಿತು. ಇದನ್ನು ಮರೆಮಾಚಿ ಅರಸರನ್ನು ಹೊಗಳುವುದು ನಮಗೊಪ್ಪದು.

ಆದರೆ ಆಮೇಲಿನದು ಅಪೂರ್ವ. ಸಂವಿಧಾನ ಸಭೆಯು ಭಾರತದ ಸಂವಿಧಾನವನ್ನು ಅಂಗೀಕರಿಸುವ ಮುನ್ನಾದಿನ, 1949ರ ನವೆಂಬರ್ 25ರಂದು, ಅದೇ ಮೈಸೂರಿನ ಸಂವಿಧಾನವೂ ಆಗುವುದೆಂದು ಅವರು ಘೋಷಿಸಿದರು. ಹೊಸ ವ್ಯವಸ್ಥೆಯಲ್ಲಿ ಮೈಸೂರು ‘ಬಿ’ ವರ್ಗದ ರಾಜ್ಯವಾಯಿತು, ಅವರು ರಾಜಪ್ರಮುಖರಾದರು. ಇತರ ರಾಜ್ಯಗಳಲ್ಲಿ ರಾಜ್ಯಪಾಲರಿಗಿದ್ದ ಸ್ಥಾನವೇ ಅದು. ಅರಮನೆ ಅದೇ, ಮನುಷ್ಯರೂ ಅವರೇ. ಅಧಿಕಾರದ ಮೂಲ ಮಾತ್ರ ಬೇರೆ. ಗುರುಮಠದಲ್ಲಿ ತತ್ತ್ವಶಾಸ್ತ್ರ ಓದುವಾಗ ಪದವಿ ಬೇರೆ, ವ್ಯಕ್ತಿ ಬೇರೆ ಎಂಬ ಪಾಠವನ್ನು ನಾವು ಸುಲಭವಾಗಿ ಒಪ್ಪಿದ್ದೆವು. ಅದನ್ನು ಬದುಕಿ ತೋರಿಸುವುದು ಸುಲಭವಲ್ಲ. ಅಪ್ಪಣೆ ಕೊಟ್ಟು ರೂಢಿಯಾದವರು ಇನ್ನು ಮಂತ್ರಿಗಳ ಸಲಹೆಯಂತೆ ನಡೆಯಬೇಕು. ಶಾಸಕಾಂಗದ ಮುಂದೆ ತಾವು ಓದುವ ಭಾಷಣ ಮಂತ್ರಿಮಂಡಲದ್ದು. ಆ ಮಂತ್ರಿಗಳಾದರೂ ಯಾರು? 1952ರ ಚುನಾವಣೆಯ ನಂತರ ಮುಖ್ಯಮಂತ್ರಿಯಾದ ಕೆಂಗಲ್ ಹನುಮಂತಯ್ಯನವರು, ಮುಂದೆ ಆ ಸ್ಥಾನಕ್ಕೇರಿದ ಎಸ್. ನಿಜಲಿಂಗಪ್ಪನವರು, ಇಬ್ಬರೂ ಹಿಂದೆ ಸಂಸ್ಥಾನದ ಸೆರೆಮನೆಯನ್ನು ಕಂಡವರು!

1956ರಲ್ಲಿ ರಾಜಪ್ರಮುಖ ಪದವಿಯೇ ರದ್ದಾಯಿತು. ನವೆಂಬರ್ 1ರಂದು ಉದಯಿಸಿದ ವಿಶಾಲ ಮೈಸೂರಿಗೆ ಒಡೆಯರೇ ಮೊದಲ ರಾಜ್ಯಪಾಲರು. ಬೆಳಗಾವಿ, ಕಲಬುರ್ಗಿ, ಮಂಗಳೂರು, ಮಡಿಕೇರಿಗಳ ಜನರಿಗೆ ಅವರು ಹಿಂದೆಂದೂ ದೊರೆಯಾಗಿರಲಿಲ್ಲ. ಆ ಜನರ ಪಾಲಿಗೆ ಅವರು ರಾಷ್ಟ್ರಪತಿಗಳು ನೇಮಿಸಿದ ಅಧಿಕಾರಿ, ಅಷ್ಟೆ. ಮುಖ್ಯಮಂತ್ರಿಗಳು ಬದಲಾದರು; ನಿಜಲಿಂಗಪ್ಪ, ಬಿ. ಡಿ. ಜತ್ತಿ, ಎಸ್. ಆರ್. ಕಂಠಿ, ಪುನಃ ನಿಜಲಿಂಗಪ್ಪ. ಒಡೆಯರು ಪ್ರಮಾಣವಚನ ಬೋಧಿಸುತ್ತ ಬಂದರು. ಸಂಗೀತ ಕೃತಿಗಳ ರಚನೆ, ವೇದಾಂತದ ಅಧ್ಯಯನ ಅವರ ಆಸಕ್ತಿಗಳಾಗಿದ್ದವು.

1964ರಲ್ಲಿ ಮದ್ರಾಸಿಗೆ ವರ್ಗವಾಯಿತು. ಮೇಲಿನವರ ಕಾಗದ ಬಂದೊಡನೆ ಪೆಟ್ಟಿಗೆ ಕಟ್ಟುವ ನಮ್ಮಂಥ ಗುರುಗಳಿಗೆ ಅದು ಹೊಸತಲ್ಲ. ತಲೆಮಾರುಗಳ ಸಿಂಹಾಸನದಲ್ಲಿ ಕುಳಿತಿದ್ದವರಿಗೆ? ಅವರು ಹೊರಟರು. 1966ರವರೆಗೆ ಅಲ್ಲಿ ರಾಜ್ಯಪಾಲರಾಗಿದ್ದು ಹಿಂದಿರುಗಿದರು. 1974ರ ಸೆಪ್ಟೆಂಬರ್ 23ರಂದು, 55ನೆಯ ವಯಸ್ಸಿನಲ್ಲಿ ತೀರಿಕೊಂಡರು.