ಪಾಲ್ವಣಕರ್ ಬಾಳೂ

ಪಾಲ್ವಣಕರ್ ಬಾಳೂ (19 ಮಾರ್ಚ್ 1876 – 4 ಜುಲೈ 1955) ಧಾರವಾಡದಲ್ಲಿ ಜನಿಸಿದ ಭಾರತೀಯ ಕ್ರಿಕೆಟ್ ಆಟಗಾರ ಹಾಗೂ ರಾಜಕಾರಣಿ. ಎಡಗೈ ಸ್ಪಿನ್ ಬೌಲರ್ ಆಗಿದ್ದ ಅವರು ಕ್ರಿಕೆಟ್‌ನಲ್ಲಿ ಉನ್ನತ ಸ್ಥಾನಕ್ಕೇರಿದ ಮೊದಲ ದಲಿತ ಆಟಗಾರರೆಂದು ಪರಿಗಣಿಸಲ್ಪಡುತ್ತಾರೆ. ಅವರ ತಮ್ಮಂದಿರಾದ ಶಿವರಾಮ, ಗಣಪತ ಮತ್ತು ವಿಠ್ಠಲ ಸಹ ಪ್ರಥಮ ದರ್ಜೆಯ ಆಟಗಾರರಾಗಿದ್ದರು.

ಆರಂಭಿಕ ಜೀವನ

ಬಾಳೂ ಅವರು ಆ ಕಾಲದಲ್ಲಿ ಅಸ್ಪೃಶ್ಯವೆಂದು ಪರಿಗಣಿಸಲಾಗಿದ್ದ ಚರ್ಮಕಾರ ಸಮುದಾಯದವರು. ಅವರ ತಂದೆ ಪುಣೆಯಲ್ಲಿ ಸೈನ್ಯದ ಕೆಲಸದಲ್ಲಿದ್ದರು. ಬಾಳೂ ಮತ್ತು ಶಿವರಾಮ ಅಲ್ಲಿನ ಸೇನಾಧಿಕಾರಿಗಳು ಬಿಟ್ಟುಕೊಟ್ಟ ಸಲಕರಣೆಗಳಿಂದ ಆಟ ಕಲಿತರು. ಪಾರ್ಸಿಗಳ ಕ್ಲಬ್ಬಿನಲ್ಲಿ ತಿಂಗಳಿಗೆ 3 ರೂಪಾಯಿ ಸಂಬಳಕ್ಕೆ ಪಿಚ್ ಗುಡಿಸುವ ಕೆಲಸಕ್ಕೆ ಸೇರಿದ ಬಾಳೂ, ಅನಂತರ ಯುರೋಪಿಯನ್ನರ ಪೂನಾ ಕ್ಲಬ್ಬಿಗೆ ಹೋದರು. ಅಲ್ಲಿ ಜೆ. ಜಿ. ಗ್ರೆಗ್ ಮೊದಲಾದವರಿಗೆ ಅಭ್ಯಾಸದಲ್ಲಿ ಬೌಲಿಂಗ್ ಮಾಡುತ್ತ ಅವರ ಕೌಶಲ ಬೆಳೆಯಿತು.

ಕ್ರಿಕೆಟ್ ಜೀವನ

ಪುಣೆಯ ಹಿಂದೂ ತಂಡ ಬಾಳೂ ಅವರ ಬೌಲಿಂಗನ್ನು ಬಳಸಿಕೊಂಡಿತು. ಆದರೆ ವಿರಾಮದ ವೇಳೆಯಲ್ಲಿ ಅವರಿಗೆ ಪ್ರತ್ಯೇಕವಾಗಿ, ಮಣ್ಣಿನ ಲೋಟದಲ್ಲಿ ಚಹಾ ಕೊಡಲಾಗುತ್ತಿತ್ತು. ಮುಂದೆ ಮುಂಬಯಿಗೆ ತೆರಳಿ ಹಿಂದೂ ಜಿಮ್ಖಾನಾ ಪರವಾಗಿ ಆಡಿದರು. 1906ರಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು 109 ರನ್‌ಗಳಿಂದ ಸೋಲಿಸಿದಾಗ ಬಾಳೂ, ಶಿವರಾಮ ಇಬ್ಬರೂ ತಂಡದಲ್ಲಿದ್ದರು.

1911ರಲ್ಲಿ ಪಟಿಯಾಲಾದ ಮಹಾರಾಜರ ನಾಯಕತ್ವದ ಅಖಿಲ ಭಾರತ ತಂಡದೊಂದಿಗೆ ಸಹೋದರರಿಬ್ಬರೂ ಇಂಗ್ಲೆಂಡ್ ಪ್ರವಾಸ ಕೈಗೊಂಡರು. ಬಾಳೂ ಎಲ್ಲ ಪಂದ್ಯಗಳಲ್ಲಿ ಒಟ್ಟು 114 ವಿಕೆಟ್ ಪಡೆದರು. ಸಾಮರ್ಸೆಟ್ ವಿರುದ್ಧ ಶಿವರಾಮ ಅವರ ಅಜೇಯ 113 ರನ್‌ಗಳಿಂದ ತಂಡ ಒಂದು ವಿಕೆಟ್ ಅಂತರದಲ್ಲಿ ಗೆದ್ದಿತು. 33 ಪ್ರಥಮ ದರ್ಜೆಯ ಪಂದ್ಯಗಳಲ್ಲಿ ಬಾಳೂ 15.21ರ ಸರಾಸರಿಯಲ್ಲಿ 179 ವಿಕೆಟ್ ಗಳಿಸಿದರು.

ನಾಯಕತ್ವದ ವಿವಾದ

ತಂಡದ ಹಿರಿಯ ಆಟಗಾರರಾಗಿದ್ದರೂ ಬಾಳೂ ಅವರಿಗೆ ಜಾತಿಯ ಕಾರಣದಿಂದ ಹಿಂದೂ ತಂಡದ ನಾಯಕತ್ವ ದೊರೆಯಲಿಲ್ಲ. ಸಮುದಾಯವಾರು ತಂಡಗಳ ನಡುವೆ ನಡೆಯುತ್ತಿದ್ದ ಚತುಷ್ಕೋನ ಪಂದ್ಯಾವಳಿಯಲ್ಲಿ, 1920ರಲ್ಲಿ, ಬಾಳೂ ಅವರನ್ನು ಕೈಬಿಡಲಾಯಿತು ಮತ್ತು ನಾಯಕತ್ವಕ್ಕೆ ವಿಠ್ಠಲರನ್ನೂ ಪರಿಗಣಿಸಲಿಲ್ಲ. ಇದನ್ನು ಪ್ರತಿಭಟಿಸಿ ಶಿವರಾಮ ಮತ್ತು ವಿಠ್ಠಲ ತಂಡದಿಂದ ಹಿಂದೆ ಸರಿದರು. ಅಂತಿಮ ಪಂದ್ಯಕ್ಕೆ ಸಹೋದರರು ಮರಳಿದಾಗ ಬಾಳೂ ಉಪನಾಯಕರಾದರು, ನಾಯಕ ಎಂ. ಡಿ. ಪೈ ಮೈದಾನದಿಂದ ಹೊರಗುಳಿದ ಸಮಯದಲ್ಲಿ ತಂಡವನ್ನು ಮುನ್ನಡೆಸಿದರು. ಅಣ್ಣನಿಗೆ ಪೂರ್ಣವಾಗಿ ಸಿಗದ ಸ್ಥಾನ 1923ರಲ್ಲಿ ವಿಠ್ಠಲ ಅವರಿಗೆ ದೊರೆಯಿತು. ಆ ವರ್ಷ ಅವರ ನಾಯಕತ್ವದಲ್ಲಿ ಹಿಂದೂ ತಂಡ ಪ್ರಶಸ್ತಿ ಗೆದ್ದಿತು.

ರಾಜಕೀಯ ಮತ್ತು ನಿಧನ

ಬಾಳೂ 1932ರ ಪೂನಾ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಒಬ್ಬರು. 1937ರ ಮುಂಬಯಿ ಪ್ರಾಂತದ ಶಾಸನಸಭೆ ಚುನಾವಣೆಯಲ್ಲಿ ಕಾಂಗ್ರೆಸ್ ಅಭ್ಯರ್ಥಿಯಾಗಿ ಡಾ. ಬಿ. ಆರ್. ಅಂಬೇಡ್ಕರ್ ಅವರ ಎದುರು ಸ್ಪರ್ಧಿಸಿ ಸೋತರು. 1955ರ ಜುಲೈ 4ರಂದು ಮುಂಬಯಿಯಲ್ಲಿ ನಿಧನರಾದರು.