ವ್ಯಾಸತೀರ್ಥ

ವ್ಯಾಸತೀರ್ಥರು (ಸು. 1460–1539) ದ್ವೈತ ವೇದಾಂತದ ಪ್ರಮುಖ ದಾರ್ಶನಿಕರು, ತರ್ಕಶಾಸ್ತ್ರಜ್ಞರು ಹಾಗೂ ಹರಿದಾಸ ಪರಂಪರೆಯ ಕೀರ್ತನಕಾರರು. ವ್ಯಾಸರಾಯ, ವ್ಯಾಸರಾಜ, ಚಂದ್ರಿಕಾಚಾರ್ಯ ಎಂಬ ಹೆಸರುಗಳಿಂದಲೂ ಪ್ರಸಿದ್ಧರು. ಮಧ್ವಾಚಾರ್ಯ ಮತ್ತು ಜಯತೀರ್ಥರೊಡನೆ ಇವರನ್ನು ಸೇರಿಸಿ ದ್ವೈತ ಪರಂಪರೆಯಲ್ಲಿ ‘ಮುನಿತ್ರಯ’ ಎಂದು ಗೌರವಿಸಲಾಗುತ್ತದೆ. ಇವರ ಜೀವಿತದ ಪ್ರಮುಖ ಭಾಗ ಕಳೆದದ್ದು ವಿಜಯನಗರದ ರಾಜಧಾನಿಯಾಗಿದ್ದ ಹಂಪಿಯಲ್ಲಿ. ಬಳ್ಳಾರಿ ನಗರದಿಂದ ಸುಮಾರು 60 ಕಿ.ಮೀ. ದೂರದಲ್ಲಿರುವ ಹಂಪಿಯು 2021ರವರೆಗೆ ಬಳ್ಳಾರಿ ಜಿಲ್ಲೆಗೆ ಸೇರಿದ್ದು, ಈಗ ವಿಜಯನಗರ ಜಿಲ್ಲೆಯಲ್ಲಿದೆ.

ಬಾಲ್ಯ ಮತ್ತು ಸಂನ್ಯಾಸ

ವ್ಯಾಸತೀರ್ಥರ ಜನ್ಮಸ್ಥಳ ಮೈಸೂರಿನ ಸಮೀಪದ ಬನ್ನೂರು. ಜನ್ಮವರ್ಷದ ಬಗ್ಗೆ ಏಕಾಭಿಪ್ರಾಯವಿಲ್ಲ. 1447 ಮತ್ತು 1460 ಎಂಬ ಎರಡು ಗಣನೆಗಳು ಬಳಕೆಯಲ್ಲಿವೆ. ಪೂರ್ವಾಶ್ರಮದ ಹೆಸರು ಯತಿರಾಜ. ಚನ್ನಪಟ್ಟಣದ ಬಳಿಯ ಅಬ್ಬೂರಿನಲ್ಲಿದ್ದ ಬ್ರಹ್ಮಣ್ಯತೀರ್ಥರು ಇವರಿಗೆ ಎಳೆಯ ವಯಸ್ಸಿನಲ್ಲಿಯೇ ಸಂನ್ಯಾಸ ನೀಡಿ ವ್ಯಾಸತೀರ್ಥ ಎಂದು ಹೆಸರಿಟ್ಟರು. ಗುರುಗಳು ಬೇಗನೆ ಕಾಲವಶರಾದುದರಿಂದ ಪೀಠದ ಹೊಣೆ ತರುಣ ಶಿಷ್ಯರ ಮೇಲೆ ಬಿದ್ದಿತು. ಆ ಪೀಠವೇ ಇಂದು ಸೋಸಲೆಯಲ್ಲಿರುವ ವ್ಯಾಸರಾಜ ಮಠ. ಇವರ ಜೀವನದ ವಿವರಗಳಿಗೆ ಮುಖ್ಯ ಆಧಾರಗಳೆಂದರೆ ಸೋಮನಾಥ ಕವಿಯ ಸಂಸ್ಕೃತ ಚಂಪೂಕಾವ್ಯ ‘ವ್ಯಾಸಯೋಗಿಚರಿತ’, ವಿಜಯನಗರದ ಶಾಸನಗಳು ಮತ್ತು ಹರಿದಾಸರ ಪದಗಳು.

ವಿದ್ಯಾಭ್ಯಾಸ

ಪೀಠಾಧಿಪತಿಯಾದ ಮೇಲೂ ವ್ಯಾಸತೀರ್ಥರು ವಿದ್ಯಾರ್ಥಿಯಾಗಿಯೇ ಉಳಿದರು. ಮೊದಲು ಕಂಚಿಗೆ ಹೋಗಿ ನ್ಯಾಯ, ಮೀಮಾಂಸಾ, ಅದ್ವೈತ, ವಿಶಿಷ್ಟಾದ್ವೈತ ಮುಂತಾದ ದರ್ಶನಗಳನ್ನು ಅಭ್ಯಾಸ ಮಾಡಿದರು. ಅನಂತರ ಮುಳಬಾಗಿಲಿನಲ್ಲಿ ಶ್ರೀಪಾದರಾಜರ ಬಳಿ ಹಲವು ವರ್ಷ ದ್ವೈತಶಾಸ್ತ್ರವನ್ನು ಓದಿದರು. ಅನ್ಯಮತಗಳನ್ನು ಮೊದಲು ಅರಿತು, ಬಳಿಕ ಸ್ವಮತದ ಆಳಕ್ಕಿಳಿದ ಈ ಕ್ರಮದ ಪರಿಣಾಮವು ಅವರ ಗ್ರಂಥಗಳಲ್ಲಿ ಎದ್ದು ಕಾಣುತ್ತದೆ.

ಚಂದ್ರಗಿರಿಯಿಂದ ಹಂಪಿಗೆ

ಶ್ರೀಪಾದರಾಜರ ಸೂಚನೆಯಂತೆ ವ್ಯಾಸತೀರ್ಥರು ಚಂದ್ರಗಿರಿಯಲ್ಲಿದ್ದ ಸಾಳುವ ನರಸಿಂಹನ ಆಸ್ಥಾನಕ್ಕೆ ಹೋದರು. ತಿರುಮಲೆಯಲ್ಲಿ ಹನ್ನೆರಡು ವರ್ಷ ಶ್ರೀನಿವಾಸನ ಪೂಜೆಯನ್ನು ನಡೆಸಿದರೆಂದು ಸಂಪ್ರದಾಯ ಹೇಳುತ್ತದೆ. ಬಳಿಕ ರಾಜಧಾನಿಯಿಂದ ಆಹ್ವಾನ ಬಂದು ಹಂಪಿಯಲ್ಲಿ ನೆಲೆಸಿದರು. ಅಲ್ಲಿ ಕಳಿಂಗದ ಬಸವಭಟ್ಟನೊಡನೆ ಮೂವತ್ತು ದಿನ ವಾದ ನಡೆಸಿ ಗೆದ್ದರೆಂಬುದು ಪರಂಪರೆಯ ಕಥನ.

ಕೃಷ್ಣದೇವರಾಯನು (ಆಳ್ವಿಕೆ 1509–1529) ಇವರನ್ನು ಗುರುವಾಗಿ ಗೌರವಿಸಿದನು. ರಾಜನಿಗೆ ಒದಗಲಿದ್ದ ಕುಹಯೋಗವೆಂಬ ಕೆಟ್ಟ ಘಳಿಗೆಯನ್ನು ನಿವಾರಿಸಲು ಇವರು ತಾವೇ ಸಿಂಹಾಸನವೇರಿದರೆಂಬ ಐತಿಹ್ಯ ಪ್ರಸಿದ್ಧವಾಗಿದೆ. ಶಾಸನಗಳಲ್ಲಿ ಇವರಿಗೆ ನೀಡಿದ ಗ್ರಾಮದಾನಗಳ ಉಲ್ಲೇಖಗಳಿವೆ. ಹಂಪಿಯ ಚಕ್ರತೀರ್ಥದ ಬಳಿ ಕೋದಂಡರಾಮ ದೇವಾಲಯದ ಸಮೀಪದಲ್ಲಿರುವ ಯಂತ್ರೋದ್ಧಾರಕ ಹನುಮನನ್ನು ಪ್ರತಿಷ್ಠಾಪಿಸಿದವರು ಇವರೇ ಎಂಬ ನಂಬಿಕೆಯಿದೆ. ನಾಡಿನಾದ್ಯಂತ 732 ಹನುಮ ವಿಗ್ರಹಗಳನ್ನು ಸ್ಥಾಪಿಸಿದರೆಂದೂ ಹೇಳಲಾಗುತ್ತದೆ.

ಕೃತಿಗಳು

‘ನ್ಯಾಯಾಮೃತ’, ‘ತಾತ್ಪರ್ಯಚಂದ್ರಿಕಾ’ ಮತ್ತು ‘ತರ್ಕತಾಂಡವ’ ಎಂಬ ಮೂರು ಗ್ರಂಥಗಳಿಗೆ ಒಟ್ಟಾಗಿ ‘ವ್ಯಾಸತ್ರಯ’ ಎಂಬ ಹೆಸರಿದೆ. ‘ಭೇದೋಜ್ಜೀವನ’ ಮತ್ತು ‘ಮಂದಾರಮಂಜರಿ’ ಎಂಬ ಹೆಸರಿನ ವ್ಯಾಖ್ಯಾನಗಳು ಇತರ ಕೃತಿಗಳು.

ಜ್ಞಾನ ಹೇಗೆ ಉಂಟಾಗುತ್ತದೆ, ಅದು ಯಥಾರ್ಥವೆಂದು ಹೇಗೆ ತಿಳಿಯುತ್ತದೆ ಎಂಬುದು ಪ್ರಮಾಣವಿಚಾರ. ನಿಜವಾಗಿ ಇರುವುದು ಯಾವುದು ಎಂಬುದು ತತ್ತ್ವವಿಚಾರ. ಮನುಷ್ಯನು ಏನನ್ನು ಆಚರಿಸಬೇಕು, ಕೊನೆಗೆ ಏನನ್ನು ಪಡೆಯಬೇಕು ಎಂಬುದು ಸಾಧನ ಮತ್ತು ಫಲಗಳ ವಿಚಾರ. ಭಾರತೀಯ ದರ್ಶನಶಾಸ್ತ್ರದ ಈ ಮುಖ್ಯ ವಿಭಾಗಗಳೆಲ್ಲವೂ ವ್ಯಾಸತ್ರಯದಲ್ಲಿ ಚರ್ಚೆಗೆ ಬಂದಿವೆ.

‘ತರ್ಕತಾಂಡವ’ದ ವಿಷಯ ಪ್ರಮಾಣಗಳು. ಉದಯನ ಮತ್ತು ಗಂಗೇಶ ಉಪಾಧ್ಯಾಯರ ನ್ಯಾಯಸಿದ್ಧಾಂತಗಳನ್ನು ಇದು ಪರೀಕ್ಷಿಸುತ್ತದೆ. ಬೇಸಿಗೆಯ ಬಯಲಿನಲ್ಲಿ ದೂರದಿಂದ ನೀರು ಕಂಡಿತೆನ್ನೋಣ. ಅದು ನಿಜವಾದ ನೀರೋ ಬಿಸಿಲ್ಗುದುರೆಯೋ ಎಂಬುದು ಹತ್ತಿರ ಹೋಗಿ ಕುಡಿದಾಗ ನಿಶ್ಚಯವಾಗುತ್ತದೆ, ಆದ್ದರಿಂದ ಜ್ಞಾನದ ಪ್ರಾಮಾಣ್ಯ ತಿಳಿಯುವುದು ಹೊರಗಿನ ಆಧಾರದಿಂದ ಎಂಬುದು ನೈಯಾಯಿಕರ ನಿಲುವು. ಹಾಗಾದರೆ ಕುಡಿದಾಗಿನ ಜ್ಞಾನಕ್ಕೂ ಇನ್ನೊಂದು ಆಧಾರ ಬೇಕಾಗುತ್ತದೆ, ಅದಕ್ಕೆ ಮತ್ತೊಂದು. ಈ ಸರಣಿಗೆ ಕೊನೆಯಿರದು ಎಂಬುದು ಪ್ರತಿವಾದ. ಜ್ಞಾನದ ಪ್ರಾಮಾಣ್ಯವನ್ನು ಆತ್ಮಸ್ವರೂಪವಾದ ‘ಸಾಕ್ಷಿ’ಯೇ ಗ್ರಹಿಸುತ್ತದೆ, ಸಂಶಯಕ್ಕೆ ಕಾರಣವಿದ್ದಾಗ ಮಾತ್ರ ಪರೀಕ್ಷೆ ಬೇಕಾಗುತ್ತದೆ ಎಂಬ ದ್ವೈತಸಿದ್ಧಾಂತವನ್ನು ಗ್ರಂಥ ಸಮರ್ಥಿಸುತ್ತದೆ.

‘ನ್ಯಾಯಾಮೃತ’ವು ನಾಲ್ಕು ಪರಿಚ್ಛೇದಗಳ ಗ್ರಂಥ. ಜಗತ್ತು ಮಿಥ್ಯೆ ಎಂಬ ಅದ್ವೈತಮತದ ವಿಮರ್ಶೆ ಇದರ ಕೇಂದ್ರ. ಇಲ್ಲಿ ವ್ಯಾಸತೀರ್ಥರು ನೇರವಾಗಿ ಖಂಡನೆಗೆ ಇಳಿಯುವುದಿಲ್ಲ. ಪದ್ಮಪಾದ, ಪ್ರಕಾಶಾತ್ಮ, ಚಿತ್ಸುಖ ಮತ್ತು ಆನಂದಬೋಧರ ಗ್ರಂಥಗಳಿಂದ ಮಿಥ್ಯಾತ್ವದ ಐದು ಲಕ್ಷಣಗಳನ್ನು ಆಯ್ದು, ಕ್ರಮವಾಗಿ ಮುಂದಿಟ್ಟು, ಒಂದೊಂದನ್ನೂ ಪ್ರತ್ಯೇಕವಾಗಿ ಪರೀಕ್ಷಿಸುತ್ತಾರೆ. ಅವರು ಒಡ್ಡುವ ಆಕ್ಷೇಪಗಳಲ್ಲಿ ಒಂದು ಹೀಗಿದೆ: ಜಗತ್ತಿನ ಮಿಥ್ಯಾತ್ವವು ಸತ್ಯವಾದರೆ ಬ್ರಹ್ಮದ ಜೊತೆಗೆ ಇನ್ನೊಂದು ಸತ್ಯವಸ್ತು ಸೇರಿ ಅದ್ವೈತಕ್ಕೆ ಹಾನಿ ಬರುತ್ತದೆ, ಆ ಮಿಥ್ಯಾತ್ವವೂ ಮಿಥ್ಯೆಯಾದರೆ ಜಗತ್ತು ಸತ್ಯವೆಂದೇ ಆಗುತ್ತದೆ. ದ್ವೈತಿಗಳಿಗೆ ಇದು ಕೇವಲ ಪದಗಳ ವಿವಾದವಲ್ಲ. ಜಗತ್ತು, ಜೀವ, ಈಶ್ವರ ಇವುಗಳ ನಡುವಿನ ಭೇದ ಸತ್ಯವಾಗಿದ್ದರೆ ಮಾತ್ರ ಭಕ್ತಿಗೂ ಸಾಧನೆಗೂ ಅರ್ಥವಿದೆ ಎಂಬುದು ಅವರ ನಿಲುವು.

‘ತಾತ್ಪರ್ಯಚಂದ್ರಿಕಾ’ವು ಮಧ್ವರ ಬ್ರಹ್ಮಸೂತ್ರಭಾಷ್ಯಕ್ಕೆ ಜಯತೀರ್ಥರು ಬರೆದ ‘ತತ್ತ್ವಪ್ರಕಾಶಿಕಾ’ದ ವ್ಯಾಖ್ಯಾನ. ಪ್ರತಿ ಅಧಿಕರಣದಲ್ಲಿಯೂ ಇತರ ಭಾಷ್ಯಕಾರರ ಅಭಿಪ್ರಾಯಗಳನ್ನು ತುಲನೆ ಮಾಡುವುದು ಇದರ ವೈಶಿಷ್ಟ್ಯ. ಚಂದ್ರಿಕಾಚಾರ್ಯ ಎಂಬ ಹೆಸರು ಬಂದದ್ದು ಇದರಿಂದಲೇ. ಗ್ರಂಥವು ಮೊದಲ ಎರಡು ಅಧ್ಯಾಯಗಳಿಗೆ ನಿಂತಿದ್ದು, ಉಳಿದ ಭಾಗವನ್ನು ಮುಂದೆ ರಘುನಾಥತೀರ್ಥರು ‘ಶೇಷಚಂದ್ರಿಕಾ’ ಎಂಬ ಹೆಸರಿನಲ್ಲಿ ಪೂರ್ಣಗೊಳಿಸಿದರು.

ವಾದಪರಂಪರೆ

‘ನ್ಯಾಯಾಮೃತ’ಕ್ಕೆ ಉತ್ತರವಾಗಿ ಮಧುಸೂದನ ಸರಸ್ವತಿಯವರು ‘ಅದ್ವೈತಸಿದ್ಧಿ’ಯನ್ನು ರಚಿಸಿದರು. ಸತ್ಯತ್ವ ಮತ್ತು ಮಿಥ್ಯಾತ್ವ ಎರಡೂ ಒಂದೇ ಜ್ಞಾನದಿಂದ ಬಾಧಿತವಾಗಬಹುದಾದ್ದರಿಂದ ಮಿಥ್ಯಾತ್ವವು ಮಿಥ್ಯೆಯಾದರೂ ಜಗತ್ತು ಸತ್ಯವಾಗಬೇಕಿಲ್ಲ ಎಂಬುದು ಮೇಲಿನ ಆಕ್ಷೇಪಕ್ಕೆ ಅವರ ಸಮಾಧಾನ. ಇದನ್ನು ವ್ಯಾಸ ರಾಮಾಚಾರ್ಯರು ‘ನ್ಯಾಯಾಮೃತತರಂಗಿಣಿ’ಯಲ್ಲಿ ವಿಮರ್ಶಿಸಿದರು. ಅದಕ್ಕೆ ಗೌಡ ಬ್ರಹ್ಮಾನಂದರು ‘ಲಘುಚಂದ್ರಿಕಾ’ದಲ್ಲಿ ಉತ್ತರ ಕೊಟ್ಟರು, ವನಮಾಲಿ ಮಿಶ್ರರು ದ್ವೈತದ ಪರವಾಗಿ ವಾದವನ್ನು ಮುಂದುವರಿಸಿದರು. ಹೀಗೆ ಒಂದು ಗ್ರಂಥದ ಪ್ರಶ್ನೆಗಳು ಎರಡೂ ಮತಗಳ ವಿದ್ವಾಂಸರನ್ನು ತಲೆಮಾರುಗಳ ಕಾಲ ತಮ್ಮ ಸಿದ್ಧಾಂತವನ್ನು ಹೆಚ್ಚು ನಿಖರವಾಗಿ ನಿರೂಪಿಸುವಂತೆ ಮಾಡಿದವು. ಸಾಂಪ್ರದಾಯಿಕ ವೇದಾಂತ ವಿದ್ಯಾಭ್ಯಾಸದಲ್ಲಿ ‘ನ್ಯಾಯಾಮೃತ’ ಮತ್ತು ‘ಅದ್ವೈತಸಿದ್ಧಿ’ಗಳನ್ನು ಇಂದಿಗೂ ಜೊತೆಯಾಗಿ ಓದುವ ರೂಢಿಯಿದೆ.

ಶಿಷ್ಯರು ಮತ್ತು ದಾಸಸಾಹಿತ್ಯ

ವಿಜಯೀಂದ್ರತೀರ್ಥ, ವಾದಿರಾಜರು ಇವರ ಪ್ರಸಿದ್ಧ ವಿದ್ವಾಂಸ ಶಿಷ್ಯರು. ಪೀಠದಲ್ಲಿ ಇವರ ಉತ್ತರಾಧಿಕಾರಿಗಳು ಶ್ರೀನಿವಾಸತೀರ್ಥರು. ಪುರಂದರದಾಸರು ಹಾಗೂ ಕನಕದಾಸರು ಇವರಿಂದಲೇ ದಾಸದೀಕ್ಷೆ ಪಡೆದರೆಂಬುದು ಹರಿದಾಸ ಪರಂಪರೆಯ ನಂಬಿಕೆ. ಕನಕದಾಸರನ್ನು ಶಿಷ್ಯರಾಗಿ ಸ್ವೀಕರಿಸಿದ್ದಕ್ಕೆ ಮಠದೊಳಗೆ ವಿರೋಧ ಬಂದಾಗ ಗುರುಗಳು ಅವರ ಪರವಾಗಿ ನಿಂತ ಪ್ರಸಂಗಗಳು ಜನಜನಿತವಾಗಿವೆ. ಸಂಸ್ಕೃತದಲ್ಲಿ ಶಾಸ್ತ್ರಚರ್ಚೆ ನಡೆಸುವವರ ‘ವ್ಯಾಸಕೂಟ’ ಮತ್ತು ಕನ್ನಡದಲ್ಲಿ ಹಾಡುವವರ ‘ದಾಸಕೂಟ’ ಎರಡಕ್ಕೂ ಇವರು ಆಶ್ರಯವಾಗಿದ್ದರು. ಸ್ವತಃ ‘ಶ್ರೀಕೃಷ್ಣ’ ಅಂಕಿತದಲ್ಲಿ ಕನ್ನಡ ಕೀರ್ತನೆಗಳನ್ನು ರಚಿಸಿದ್ದಾರೆ. ಪಂಡಿತರಿಗಾಗಿ ತರ್ಕದಲ್ಲಿ ಸ್ಥಾಪಿಸಿದ ಸಿದ್ಧಾಂತ ಈ ಹಾಡುಗಳ ಮೂಲಕ ಶಾಸ್ತ್ರ ಓದದ ಜನರಿಗೂ ತಲುಪಿತು.

ವೃಂದಾವನ

ವ್ಯಾಸತೀರ್ಥರು 1539ರಲ್ಲಿ ಹಂಪಿಯಲ್ಲಿ ನಿಧನರಾದರು. ಇವರ ವೃಂದಾವನವು ಕೊಪ್ಪಳ ಜಿಲ್ಲೆಯ ಆನೆಗೊಂದಿಯ ಬಳಿ ತುಂಗಭದ್ರಾ ನದಿಯ ನಡುಗಡ್ಡೆಯಾದ ನವವೃಂದಾವನದಲ್ಲಿದೆ. 2019ರ ಜುಲೈನಲ್ಲಿ ದುಷ್ಕರ್ಮಿಗಳು ಈ ವೃಂದಾವನವನ್ನು ಕೆಡವಿದರು. ವಿವಿಧ ಮಠಗಳ ಯತಿಗಳು ಮತ್ತು ಭಕ್ತರು ಸೇರಿ ಅದನ್ನು ಕೂಡಲೇ ಪುನರ್ನಿರ್ಮಿಸಿದರು. ಪ್ರತಿವರ್ಷ ಫಾಲ್ಗುಣ ಬಹುಳ ಚತುರ್ಥಿಯಂದು ಇವರ ಆರಾಧನೆ ನಡೆಯುತ್ತದೆ.